ಬಲಕ್ಕೆ ತಿರುಗಿದಾಗ ಬರುವ ಸದ್ದು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನನ್ನ ಗಂಡ ಮದುವೆಯಾದ ವಾರದಲ್ಲೇ ಕಂಡುಕೊಂಡರು. ಆಸ್ಪತ್ರೆಯವರಿಗೆ ಅಷ್ಟು ದಿನವೂ ಬೇಕಾಗಲಿಲ್ಲ. ಮೈಸೂರು ಕಡೆಯಿಂದ ಚೆನ್ನೈಗೆ ಬಂದು ಹದಿನಾಲ್ಕು ವರ್ಷವಾಯಿತು. ನಾನು ಕನ್ನಡದಲ್ಲಿ ಬೈದರೆ ಮಗಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಆ ಮಟ್ಟಿಗೆ ನಾವು ಈ ಊರಿನವರಾಗಿದ್ದೇವೆ. ಪೋರೂರಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಶಿಬಿರಗಳ ಉಸ್ತುವಾರಿ ನನ್ನದು. ಯಾವ ದಿನ ಯಾವ ಊರಿಗೆ ಹೋಗಬೇಕು, ಯಾರನ್ನು ಆಪರೇಷನ್ನಿಗೆ ಕರೆತರಬೇಕು, ಅದಕ್ಕೆಂದೇ ಇರುವ ಲಾರಿ ಯಾವಾಗ ವರ್ಕ್‌ಶಾಪಿಗೆ ಹೋಗಬೇಕು, ಎಲ್ಲಕ್ಕೂ ನನ್ನ ಸಹಿ ಬೇಕು.

ಆಸ್ಪತ್ರೆಯ ಕಾಗದಗಳಲ್ಲಿ ಆ ಲಾರಿಗೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ನಾವು ಲಾರಿ ಎಂದೇ ಕರೆಯುತ್ತೇವೆ. ಮೇಲೆ ಕಟ್ಟಿಸಿದ ಪೆಟ್ಟಿಗೆಯಂಥ ಕೋಣೆಯಲ್ಲಿ ಅರ್ಧ ಭಾಗ ಕಣ್ಣು ಪರೀಕ್ಷಿಸುವ ಯಂತ್ರಗಳು, ಇನ್ನರ್ಧ ಭಾಗ ಎದುರುಬದುರು ಬೆಂಚುಗಳು. ವಾರಕ್ಕೆರಡು ಸಲ ಅದು ಎಣ್ಣೂರಿನ ಕುಪ್ಪಗಳಿಗೆ, ಅಂದರೆ ಕಡಲ ದಂಡೆಯ ಮೀನುಗಾರರ ಕೇರಿಗಳಿಗೆ, ಹೋಗುತ್ತದೆ. ಕಣ್ಣಿಗೆ ಪೊರೆ ಬಂದವರನ್ನು ಬೆಂಚಿನ ಮೇಲೆ ಕೂರಿಸಿಕೊಂಡು ಬರುತ್ತದೆ.

ಅದನ್ನು ಓಡಿಸುತ್ತಿದ್ದವರು ಹೊಸೂರಿನ ಆಚೆಯ ಒಂದು ಹಳ್ಳಿಯವರು. ಮನೆಮಾತು ಕನ್ನಡ. ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ಕ್ಯಾಬಿನ್ ಹತ್ತುವ ಮೊದಲು ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳುತ್ತಿದ್ದರು. ಬರಿಗಾಲಲ್ಲೇ ಲಾರಿ ಓಡಿಸುವುದು. ಗಾಜಿನ ಮುಂದೆ ಒಂದು ದೇವರ ಪಟ, ಕೆಳಗೆ ನಿಂಬೆಹಣ್ಣು ಮೆಣಸಿನಕಾಯಿ ಪೋಣಿಸಿದ ದಾರ.

ಅದನ್ನೆಲ್ಲ ತೆಗೆಸಿದವಳು ನಾನು. ನಾವು ಹೋಗುವ ಕುಪ್ಪಗಳಲ್ಲಿ ಚರ್ಚಿಗೆ ಹೋಗುವವರಿದ್ದಾರೆ, ಮಸೀದಿಗೆ ಹೋಗುವವರಿದ್ದಾರೆ, ಅಮ್ಮನ ಗುಡಿಗೆ ಹೋಗುವವರಿದ್ದಾರೆ. ಆಸ್ಪತ್ರೆಯ ಲಾರಿ ಎಲ್ಲರದ್ದು ಎನ್ನುವುದು ನನ್ನ ವಾದ. ವಾದವೇನೋ ಸರಿಯಾಗಿಯೇ ಇತ್ತು. ಅದನ್ನು ಹೇಳಿದ ರೀತಿ ಮಾತ್ರ ನನ್ನದೇ. ನರ್ಸುಗಳೆಲ್ಲ ಸುತ್ತ ನಿಂತಿದ್ದಾಗ, "ನಿಂಬೆಹಣ್ಣು ಬಂದು ಬ್ರೇಕ್ ಹಿಡಿಯಲ್ಲ ರೀ, ತೆಗೀರಿ" ಎಂದೆ. ಅವರು ಪಟವನ್ನು ಪೇಪರಿನಲ್ಲಿ ಸುತ್ತಿಕೊಂಡು ಮನೆಗೆ ಒಯ್ದರು. ನಾನು ಮಾರನೆಯ ದಿನವೇ ಅದನ್ನೊಂದು ನಿಯಮವಾಗಿ ಟೈಪು ಮಾಡಿಸಿ, ಕೆಳಗೆ ನನ್ನ ಸಹಿ ಹಾಕಿ, ಕ್ಯಾಬಿನ್ನಿನ ಒಳಗೆ ಅಂಟಿಸಿದೆ.

ಅದಾಗಿ ಕೆಲವು ತಿಂಗಳಿಗೆ ನಿಜವಾಗಿಯೂ ಬ್ರೇಕ್ ಹಿಡಿಯಲಿಲ್ಲ.

ಎಣ್ಣೂರಿನಿಂದ ವಾಪಸು ಬರುತ್ತಿದ್ದೆವು, ಮಧ್ಯಾಹ್ನದ ಊಟದ ಹೊತ್ತು. ಹಿಂದೆ ಬೆಂಚಿನ ಮೇಲೆ ಒಂಬತ್ತು ಜನ ಮುದುಕ ಮುದುಕಿಯರು. ನಾನು ಕ್ಯಾಬಿನ್ನಿನಲ್ಲಿ ಹಾಜರಿ ಪಟ್ಟಿ ತಿದ್ದುತ್ತಿದ್ದೆ. ಬಂದರಿಗೆ ಹೋಗುವ ಕಂಟೇನರ್ ಟ್ರೈಲರುಗಳು ಆ ರಸ್ತೆಯಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಮುಂದಿದ್ದ ಟ್ರೈಲರು ತಟ್ಟನೆ ನಿಂತಿತು. ಡ್ರೈವರ್ ಬ್ರೇಕ್ ಒತ್ತಿದರು. ಅವರ ಬರಿಗಾಲು ಪೆಡಲಿನ ಜೊತೆ ನೆಲಕ್ಕೆ ಮುಟ್ಟಿದ್ದನ್ನು ನಾನು ಕಣ್ಣಾರೆ ಕಂಡೆ. ಲಾರಿ ನಿಲ್ಲಲಿಲ್ಲ. ಅವರು ಮತ್ತೆ ಮತ್ತೆ ತುಳಿದರು, ಗೇರು ಇಳಿಸಿದರು, ಹ್ಯಾಂಡ್ ಬ್ರೇಕ್ ಎಳೆದರು, ಎಡಕ್ಕೆ ಮರಳಿನೊಳಗೆ ಇಳಿಸಿದರು. ಟ್ರೈಲರಿನ ಹಿಂದಿನ ಕಬ್ಬಿಣ ನನ್ನ ಮುಖದಿಂದ ಒಂದು ಮಾರು ದೂರದಲ್ಲಿ ನಿಂತಿತು. ಅದರ ಮೇಲಿನ ತುಕ್ಕಿನ ಕಲೆಗಳು ಇವತ್ತಿಗೂ ನನಗೆ ನೆನಪಿವೆ.

ಹಿಂದಿನಿಂದ ಒಬ್ಬ ಅಜ್ಜಿ ಕಿಟಕಿ ಬಡಿದು ಟೀ ಕುಡಿಯಲು ನಿಲ್ಲಿಸಿದಿರಾ ಎಂದು ತಮಿಳಿನಲ್ಲಿ ಕೇಳಿದಳು. ನಾನು ಹಾಜರಿ ಪಟ್ಟಿ ತೆಗೆದು ಒಂಬತ್ತು ಹೆಸರನ್ನೂ ಮತ್ತೆ ಎಣಿಸಿದೆ. ಬ್ರೇಕ್ ಕೆಳಗೆ ಹೋಗ್ತಾ ಇದೆ ಮೇಡಂ ಎಂದು ಹದಿನೈದು ದಿನದ ಹಿಂದೆಯೇ ಅವರು ಹೇಳಿದ್ದರು. ಮುಂದಿನ ತಿಂಗಳು ನೋಡೋಣ ಎಂದವಳು ನಾನೇ.

ಮುಂದಿನ ತಿಂಗಳ ಮಾತು ಅಲ್ಲಿಗೇ ಮುಗಿಯಿತು. ಆ ವಾರವೇ ಮುಂದಿನ ಚಕ್ರಗಳಿಗೆ ಹೊಸ ಡಿಸ್ಕು, ಹೊಸ ಪ್ಯಾಡು, ಹಿಂದಕ್ಕೆ ಹೊಸ ಲೈನರು, ಬ್ರೇಕ್ ಎಣ್ಣೆ, ಎಲ್ಲವನ್ನೂ ಬದಲಾಯಿಸಿದ್ದಾಯಿತು. ಲಾರಿ ಮತ್ತೆ ಎಣ್ಣೂರಿಗೆ ಹೊರಡುವ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಆಸ್ಪತ್ರೆಗೆ ಬಂದಿದ್ದೆ. ಡ್ರೈವರ್ ಟ್ರಿಪ್ ಶೀಟ್ ತಂದರು. ಸಹಿ ಹಾಕುವಾಗ ಹಾಳೆಯ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಹಳದಿ ಗುರುತು ಬಿತ್ತು. ಅರಿಸಿನ.

"ಒಗ್ಗರಣೆ ಹಾಕಿ ಹಾಗೇ ಬಂದೆ" ಎಂದೆ, ಯಾರೂ ಕೇಳದಿದ್ದರೂ.

ಅವರು ಗುರುತನ್ನು ನೋಡಿದರು, ಹಾಳೆ ಮಡಚಿ ಜೇಬಿಗಿಟ್ಟುಕೊಂಡರು.

ದಾರಿಯುದ್ದಕ್ಕೂ ಬ್ರೇಕ್ ಬೆಣ್ಣೆಯ ಹಾಗೆ ಹಿಡಿಯಿತು. ನನ್ನ ಉಸಿರು ಸಮನಾಗಿದ್ದು ಅರ್ಧ ದಾರಿ ಕಳೆದ ಮೇಲೆ. ಹಿಂದಿರುಗುವಾಗ ಹತ್ತು ಜನರನ್ನು ಹತ್ತಿಸಿಕೊಂಡು ಕುಪ್ಪದಿಂದ ದೊಡ್ಡ ರಸ್ತೆಗೆ ಬಲಕ್ಕೆ ತಿರುಗಿದೆವು. ಎಡಗಡೆ ಮುಂದಿನ ಚಕ್ರದಿಂದ ಗರ್ ಎಂದು ಒಂದು ಸದ್ದು ಬಂತು. ತಿರುವು ಮುಗಿದ ಕೂಡಲೇ ನಿಂತಿತು. ಮುಂದಿನ ಬಲ ತಿರುವಿನಲ್ಲಿ ಮತ್ತೆ ಬಂತು, ಕಲ್ಲಿನ ಮೇಲೆ ಕುಡುಗೋಲು ಉಜ್ಜಿದ ಹಾಗೆ.

ಹೊಸ ಬ್ರೇಕ್ ಹಾಕಿಸಿ ಇನ್ನೂ ಒಂದು ದಿನ ಆಗಿಲ್ಲ.

"ಏನ್ರೀ ಅದು?"

"ಗೊತ್ತಾಗ್ತಿಲ್ಲ ಮೇಡಂ. ಎಡಗಾಲಿ ಕಡೆ ಐತೆ" ಎಂದರು ಅವರು. "ಕಾಲಿಗೂ ತಾಗ್ತೈತೆ. ಪೆಡಲ್ ಒಂಚೂರು ನಡುಗ್ತೈತೆ."

ನಮ್ಮ ಮೆಕ್ಯಾನಿಕ್ಕಿನ ಶೆಡ್ಡು ಪೋರೂರು ಕೆರೆಯ ಕಡೆಗೆ ಹೋಗುವ ರಸ್ತೆಯಲ್ಲಿದೆ. ಅರವತ್ತು ದಾಟಿದ ತಮಿಳರು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ನೇತುಹಾಕಿಕೊಂಡಿರುತ್ತಾರೆ. ಕೆಲಸದ ಬಗ್ಗೆ ಬಹಳ ಜಂಬ. ಚಾಸಿಗೆ, ಅಂದರೆ ಅಡಿಯ ಚೌಕಟ್ಟಿಗೆ, ಜಾಕಿ ಕೊಟ್ಟು ಲಾರಿ ಎತ್ತಿದರು, ಚಕ್ರ ಬಿಚ್ಚಿದರು, ಡಿಸ್ಕಿನ ಒಳಮೈಯಲ್ಲಿ ಸಣ್ಣ ಗೀರು ಕಂಡುಹಿಡಿದರು. ಡಿಸ್ಕಿನ ಹಿಂದೆ ಧೂಳು ಬೀಳದಿರಲೆಂದು ಒಂದು ತೆಳು ತಗಡು ಇರುತ್ತದೆ, ಅದು ಬಾಗಿ ತಾಗುತ್ತಿದೆ ಎಂದು ತೀರ್ಮಾನಿಸಿ ಇಕ್ಕಳದಿಂದ ಹೊರಕ್ಕೆ ಎಳೆದರು. ಚಕ್ರವನ್ನು ಕೈಯಲ್ಲೇ ತಿರುಗಿಸಿದರು. ಸದ್ದಿಲ್ಲ. ಖಾಲಿ ಲಾರಿಯನ್ನು ಕೆರೆಯ ಪಕ್ಕದ ನೇರ ರಸ್ತೆಯಲ್ಲಿ ಓಡಿಸಿ ಬಂದರು. ಆಗಲೂ ಸದ್ದಿಲ್ಲ. "ಮುಡಿಂಜಿದ್ದಮ್ಮಾ" ಎಂದು ಕೈ ಒರೆಸಿಕೊಂಡರು. ನನಗೂ ಮುಗಿಯಿತು ಎನ್ನಿಸಿತು.

ಮುಂದಿನ ಶಿಬಿರದ ದಿನ, ಅದೇ ಕುಪ್ಪ, ಅದೇ ಬಲ ತಿರುವು, ಅದೇ ಸದ್ದು. ಈ ಸಲ ಇನ್ನೂ ಜೋರಾಗಿ. ಹಿಂದಿನಿಂದ ಒಬ್ಬರು ಇಳಿಸಿಬಿಡಿ ಎಂದು ಕೂಗಿದರು.

ಎರಡನೆಯ ಸಲ ಮೆಕ್ಯಾನಿಕ್ ಚಕ್ರದ ಬೇರಿಂಗನ್ನೇ ಬದಲಾಯಿಸಿದರು. ಪ್ಯಾಡು ಬಿಚ್ಚಿ ಅಂಚು ಉಜ್ಜಿದರು. ಮತ್ತೆ ಟ್ರಯಲ್ ನೋಡಿದರು. ಖಾಲಿ ಲಾರಿ ಮೌನವಾಗಿ ಹೋಗಿ ಮೌನವಾಗಿ ಬಂತು. ಇದರ ನಂತರ ಅವರು ಹೇಳಿದ ಮಾತು ನನ್ನ ಕಿವಿಗೆ ಹಿತವಾಗಿ ಕೇಳಿಸಿತು. ನನ್ನ ಕೆಲಸದಲ್ಲಿ ತಪ್ಪಿಲ್ಲ, ಓಡಿಸುವವರು ಹೇಗೆ ಓಡಿಸುತ್ತಾರೋ ನೋಡಿ, ಎಂದರು.

ಅದೇ ಇರಬೇಕು ಎಂದು ನಾನು ಕೂಡಲೇ ಒಪ್ಪಿಕೊಂಡೆ. ಅವತ್ತಿನ ಭಯಕ್ಕೆ ಈ ಮನುಷ್ಯ ಬ್ರೇಕಿನ ಮೇಲಿಂದ ಕಾಲೇ ತೆಗೆಯುತ್ತಿಲ್ಲ, ತಿರುವಿನಲ್ಲೂ ಒತ್ತಿಕೊಂಡೇ ಇರುತ್ತಾರೆ, ಅದಕ್ಕೇ ಉಜ್ಜುತ್ತದೆ. ನನ್ನ ಲೆಕ್ಕಾಚಾರ ಹೀಗಿತ್ತು. ಬರಿಗಾಲಿನ ಅಭ್ಯಾಸವೇ ಸರಿಯಿಲ್ಲ, ನಾಳೆಯಿಂದ ಶೂ ಹಾಕಿ ಎಂದು ಹೇಳಿದೆ. ಅವರು ಒಂದು ದಿನ ಮಗನ ಶೂ ಹಾಕಿಕೊಂಡು ಬಂದರು. ಅವತ್ತೂ ಸದ್ದು ಬಂತು. "ಇದ್ರಲ್ಲಿ ಕಾಲಿಗೇ ಏನೂ ಗೊತ್ತಾಗಕಿಲ್ಲ ಮೇಡಂ" ಎಂದು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದರು. ನಾನು ಅದನ್ನೂ ಹಟ ಎಂದೇ ಬಗೆದೆ.

ಮೂರನೆಯ ವಾರ ಎಣ್ಣೂರಿನಲ್ಲಿ ಹನ್ನೊಂದು ಜನ ಆಪರೇಷನ್ನಿಗೆ ಸಿದ್ಧರಾಗಿ, ಮಡಚಿದ ಬಟ್ಟೆಯ ಚೀಲ ಹಿಡಿದು ಸಾಲಾಗಿ ನಿಂತಿದ್ದರು. ಡ್ರೈವರ್ ಹಿಂದಿನ ಬಾಗಿಲ ಮುಂದೆ ಬಂದು ನಿಂತರು.

"ಹತ್ತಿಸ್ಬ್ಯಾಡಿ ಮೇಡಂ. ಆ ಸೌಂಡು ಹೋಗೋಗಂಟ ನಾನು ಪೇಷೆಂಟ್‌ನ ಕೂರಿಸ್ಕೊಂಡು ಓಡ್ಸಕಿಲ್ಲ."

"ಎರಡು ಸಲ ಬಿಚ್ಚಿ ನೋಡಿಲ್ವೇನ್ರೀ? ಏನೂ ಇಲ್ಲ ಅಂದಿಲ್ವಾ?"

"ಅಂದವ್ರೆ. ಆದ್ರೂ ನಂಗೆ ಭಯ ಆಯ್ತದೆ."

ಅಷ್ಟು ಜನರ ಎದುರಿಗೆ ನನ್ನ ಮಾತಿಗೆ ಬೆಲೆಯಿಲ್ಲದ ಹಾಗಾಯಿತು. ಮೈಯೆಲ್ಲ ಉರಿಯಿತು. ಹನ್ನೊಂದು ಜನರನ್ನೂ ಮನೆಗೆ ಕಳಿಸಬೇಕಾಯಿತು. ಒಬ್ಬ ಮುದುಕ ತನ್ನ ಚೀಲವನ್ನು ಮತ್ತೆ ಬಿಚ್ಚಿ ಕಟ್ಟುತ್ತ ನನ್ನ ಕಡೆಗೆ ನೋಡಿದ. ಕಣ್ಣಿನ ತುಂಬ ಪೊರೆ, ನನ್ನ ಮುಖ ಕಂಡಿತೋ ಇಲ್ಲವೋ. ಖಾಲಿ ಲಾರಿಯಲ್ಲಿ ವಾಪಸು ಬರುವಾಗ ಬಲ ತಿರುವಿನಲ್ಲಿ ಸದ್ದೇ ಬರಲಿಲ್ಲ. "ನೋಡಿದ್ರಾ?" ಎಂದೆ ನಾನು. ಅವರು ಗೇರು ಬದಲಾಯಿಸಿದರು.

ಅವತ್ತೇ ನುಂಗಂಬಾಕ್ಕಂನಲ್ಲಿರುವ ನಮ್ಮ ಮುಖ್ಯ ಕಚೇರಿಗೆ ಪತ್ರ ಬರೆದೆ. ಇಲ್ಲದ ಸದ್ದಿನ ನೆಪ ಹೇಳಿ ಕೆಲಸ ನಿರಾಕರಿಸುತ್ತಾರೆ, ರೋಗಿಗಳ ಮುಂದೆ ಎದುರು ಮಾತಾಡುತ್ತಾರೆ, ಇವರ ಬದಲು ಬೇರೆಯವರನ್ನು ಕೊಡಿ. ನೆಪ ಎಂಬ ಪದವನ್ನು ಎರಡು ಕಡೆ ಹಾಕಿದ್ದೆ. ಸೋಮವಾರ ಇಬ್ಬರೂ ಬನ್ನಿ, ಅವತ್ತೇ ಇತ್ಯರ್ಥ ಮಾಡೋಣ ಎಂದು ಉತ್ತರ ಬಂತು. ಇತ್ಯರ್ಥ ಎಂದರೇನು ಎನ್ನುವುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ವರ್ಷ ವರ್ಷಕ್ಕೆ ಮುಂದುವರಿಸುವ ಕೆಲಸ ಅದು. ಐವತ್ತೇಳು ವಯಸ್ಸಿನ ಡ್ರೈವರಿಗೆ ಈ ಊರಿನಲ್ಲಿ ಇನ್ನೊಂದು ಸ್ಟಿಯರಿಂಗ್ ಯಾರು ಕೊಡುತ್ತಾರೆ?

ಶನಿವಾರ ಮೆಕ್ಯಾನಿಕ್ಕೇ ಫೋನ್ ಮಾಡಿದರು. ತಾವು ಮುಟ್ಟಿದ ಗಾಡಿಯಲ್ಲಿ ಇನ್ನೂ ಸದ್ದಿದೆ ಎಂಬ ಮಾತು ಅವರನ್ನೂ ಕೊರೆಯುತ್ತಿತ್ತು. "ಗಾಡಿ ತಗೊಂಡು ಬಾಮ್ಮಾ. ಖಾಲಿ ಬೇಡ, ಪೇಷೆಂಟ್ ತೂಕ ಎಷ್ಟೋ ಅಷ್ಟು ಹೇರಿಕೊಂಡು ಬಾ" ಎಂದು ತಮಿಳಿನಲ್ಲಿ ಹೇಳಿದರು. ಡ್ರೈವರ್ ಮರಳಿನ ಮೂಟೆಗಳನ್ನು ಬೆಂಚುಗಳ ನಡುವೆ ಪೇರಿಸಿದರು. ಅವರ ಕೆಲಸಕ್ಕೆ ಇನ್ನು ಎರಡೇ ದಿನ ಉಳಿದಿದ್ದರೂ ಒಂದೊಂದು ಮೂಟೆಯನ್ನೂ ಜಾರದ ಹಾಗೆ ಕಟ್ಟಿದರು. ನಾನು ಹಿಂದೆಯೇ ಹೋದೆ. ಸದ್ದಿಲ್ಲ ಎಂಬ ಮಾತನ್ನು ಮೆಕ್ಯಾನಿಕ್ಕಿನಿಂದ ಬರೆಸಿಕೊಂಡು ಸೋಮವಾರ ಒಯ್ಯುವುದು ನನ್ನ ಉದ್ದೇಶ.

ಶೆಡ್ಡಿನ ಪಕ್ಕದ ಬಯಲಿನಲ್ಲಿ ಡ್ರೈವರ್ ನಿಧಾನವಾಗಿ ಬಲಕ್ಕೆ ಸುತ್ತು ಹಾಕಿದರು. ಮೆಕ್ಯಾನಿಕ್ ಎಡಗಡೆಯ ಚಕ್ರದ ಪಕ್ಕದಲ್ಲೇ ಬಗ್ಗಿ ನಡೆದರು. ಎರಡನೆಯ ಸುತ್ತಿಗೆ ಬಂತು, ಕರ್‌ರ್ ಎಂದು. ಮೆಕ್ಯಾನಿಕ್ ಕೈಯೆತ್ತಿ ನಿಲ್ಲಿಸಿದರು. ಆಗ ಅವರಿಗೆ ತಮ್ಮ ತಪ್ಪು ಹೊಳೆಯಿತು. ಚಾಸಿಗೆ ಜಾಕಿ ಕೊಟ್ಟರೆ ಚಕ್ರ ಕೆಳಗೆ ಜೋತುಬೀಳುತ್ತದೆ, ಒಳಗಿನ ಭಾಗಗಳೆಲ್ಲ ಒಂದರಿಂದೊಂದು ದೂರ ಸರಿಯುತ್ತವೆ. ಭಾರ ಹೇರಿದಾಗ, ಸ್ಟಿಯರಿಂಗ್ ಬಲಕ್ಕೆ ತಿರುಗಿದಾಗ ಮಾತ್ರ ಅವು ಒಂದಕ್ಕೊಂದು ಹತ್ತಿರವಾಗುತ್ತವೆ. ಎರಡು ಸಲವೂ ಅವರು ನೋಡಿದ್ದು ಸದ್ದು ಬರಲಾರದ ಸ್ಥಿತಿಯಲ್ಲಿದ್ದ ಚಕ್ರವನ್ನು.

ಈ ಸಲ ಚಕ್ರ ಜೋತುಬೀಳದ ಹಾಗೆ ಜಾಕಿಯನ್ನು ಆಕ್ಸಲಿನ ಕೆಳಗೆ ಕೊಟ್ಟರು. ಸ್ಟಿಯರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಲು ಹೇಳಿ, ಒಳಗೆ ಟಾರ್ಚ್ ಬಿಟ್ಟು, ಚಕ್ರವನ್ನು ಕೈಯಿಂದ ತಿರುಗಿಸಿದರು. ಕರ್ ಎಂದಿತು. ಅವರು ಕೈ ಒಳಗೆ ಹಾಕಿ ಏನನ್ನೋ ಮುಟ್ಟಿದರು, ಮತ್ತೆ ಟಾರ್ಚ್ ಬಿಟ್ಟರು, ಹಾಗೇ ನೆಲದ ಮೇಲೆ ಕುಳಿತುಬಿಟ್ಟರು.

"ಅಯ್ಯೋ ಮುರುಗಾ" ಎಂದರು.

ನಾನು ಬಗ್ಗಿ ನೋಡಿದೆ. ಡಿಸ್ಕಿನ ಹಿಂದೆ ಬ್ರೇಕ್ ಎಣ್ಣೆ ಹೋಗುವ ರಬ್ಬರಿನ ಕಪ್ಪು ಪೈಪು. ಅದಕ್ಕೆ ಕಬ್ಬಿಣದ ಕಟ್ಟುಕಂಬಿಯಿಂದ ಬಿಗಿದು ಕಟ್ಟಿದ ಒಂದು ಹಳದಿ ಬಟ್ಟೆಯ ಗಂಟು. ಡಿಸ್ಕಿನ ಕಡೆಗೆ ಬಟ್ಟೆ ಸವೆದು ಹರಿದು, ಒಳಗಿನ ನಾಣ್ಯದ ಅಂಚು ಹೊಳೆಯುತ್ತಿತ್ತು. ತಿರುಗುವ ಡಿಸ್ಕು ನಾಣ್ಯವನ್ನು ಉಜ್ಜುತ್ತಿತ್ತು. ಉಜ್ಜಿದಾಗಲೆಲ್ಲ ಗಂಟು ಜಗ್ಗಿ, ಕಂಬಿ ರಬ್ಬರನ್ನು ಕೊಯ್ಯುತ್ತಿತ್ತು. ಪೈಪಿನ ಮೇಲ್ಪದರ ಸೀಳಿ ಒಳಗಿನ ನೂಲು ಕಾಣುತ್ತಿತ್ತು. ನೂಲಿನ ತುದಿಯಲ್ಲಿ ಎಣ್ಣೆ ಹನಿಗಟ್ಟಿತ್ತು.

ಇನ್ನು ಎರಡೋ ಮೂರೋ ಸಲ ಜೋರಾಗಿ ಬ್ರೇಕ್ ಒತ್ತಿದ್ದರೆ ಪೈಪು ಒಡೆಯುತ್ತಿತ್ತು ಎಂದರು ಮೆಕ್ಯಾನಿಕ್. ಒಡೆದರೆ ಪೆಡಲು ನೆಲಕ್ಕೆ, ಅವತ್ತಿನ ಹಾಗೆಯೇ. ನನ್ನ ಕಣ್ಣ ಮುಂದೆ ಚೀಲ ಹಿಡಿದ ಹನ್ನೊಂದು ಜನ ಬಂದರು. ನಾನು ಹತ್ತಿಸಿ ಎಂದಿದ್ದೆ. ಬಾಗಿಲಿಗೆ ಅಡ್ಡ ನಿಂತಿದ್ದವರು ಈ ಮನುಷ್ಯ.

ನಾನು ಲಾರಿಗೆ ಕೈ ಊರಿ ಎದ್ದು ನಿಂತೆ.

"ಮೊದಲ ಸಲ ಬಿಚ್ಚಿದಾಗ ಇದನ್ನು ನೋಡ್ಲಿಲ್ವಾ?" ಎಂದು ಹೇಗೋ ಕೇಳಿದೆ.

ನೋಡಿದ್ದರು. ಎರಡು ಸಲವೂ ನೋಡಿದ್ದರು. ಮೊದಲ ಸಲ ಕೈ ತೊಳೆದುಕೊಂಡು, ಗಂಟನ್ನು ಹಾಗೇ ಪೈಪಿನಿಂದ ಬಿಡಿಸಿ, ಒಗೆದ ಬಟ್ಟೆಯ ಮೇಲಿಟ್ಟು, ಕೆಲಸ ಮುಗಿದ ಮೇಲೆ ಇದ್ದಲ್ಲೇ ಕಟ್ಟಿದ್ದರು. ಎರಡನೆಯ ಸಲ ಬಟ್ಟೆ ಸವೆದು ದಾರ ಹರಿಯುವ ಹಾಗಾಗಿತ್ತು. ದೇವರ ವಸ್ತು ರಸ್ತೆಯಲ್ಲಿ ಬಿದ್ದು ಯಾರಾದರೂ ತುಳಿದಾರು ಎಂದು ಡ್ರೈವರ್ ಹೊಸ ಬಟ್ಟೆಗೆ ಅರಿಸಿನ ಹಚ್ಚಿ ತಂದು ಮೇಲೆ ಸುತ್ತಿದ್ದರು. ಇಬ್ಬರೂ ಸೇರಿ ದಾರದ ಬದಲು ಕಂಬಿಯಿಂದ ಬಿಗಿದಿದ್ದರು. ಸದ್ದಿನ ಕಾರಣ ಹುಡುಕುತ್ತ ಹುಡುಕುತ್ತ, ಕಾರಣವನ್ನೇ ಭಕ್ತಿಯಿಂದ ಮತ್ತೆ ಮತ್ತೆ ಕಟ್ಟಿದ್ದರು.

"ಸಾಮಿ ಸಾಮಾನ್ ಮ್ಮಾ. ಯಾರೋ ಹರಕೆ ಹೊತ್ತು ಕಟ್ಟಿರೋದು. ತೀರೋ ಮುಂಚೆ ನಾನು ಹೇಗೆ ತೆಗೀಲಿ?" ಎಂದು ಮೆಕ್ಯಾನಿಕ್ ಹಣೆ ಬಡಿದುಕೊಂಡರು. ಆಮೇಲೆ ತಲೆಯೆತ್ತಿ ಇಬ್ಬರನ್ನೂ ನೋಡಿದರು. "ಯಾರ್ ಮ್ಮಾ ಇದು ಕಟ್ಟಿನದು?"

"ನಾನೇ" ಎಂದರು ಡ್ರೈವರ್, ನಾನು ಉಸಿರೆಳೆಯುವ ಮೊದಲು. ನನ್ನ ಕಡೆ ನೋಡಲೂ ಇಲ್ಲ.

ಇಷ್ಟು ಹೊತ್ತು ನಾನೊಂದು ಮಾತು ಮುಚ್ಚಿಟ್ಟಿದ್ದೇನೆ. ಆಗಲೂ ಹೀಗೆಯೇ ಮುಚ್ಚಿಟ್ಟಿದ್ದೆ. ಆ ಗಂಟು ನನ್ನದು.

ನಮ್ಮ ಮನೆದೇವರು ತಿರುಪತಿ ತಿಮ್ಮಪ್ಪ. ಏನಾದರೂ ಗಂಡಾಂತರ ಕಂಡರೆ ನಮ್ಮ ಅಮ್ಮ ಬಿಳಿ ಬಟ್ಟೆಯ ತುಂಡನ್ನು ಅರಿಸಿನದಲ್ಲಿ ಅದ್ದಿ, ಒಂದು ನಾಣ್ಯವಿಟ್ಟು ಗಂಟು ಹಾಕಿ, ದೇವರ ಮುಂದೆ ಇಡುತ್ತಿದ್ದರು. ಅದು ಮುಡಿಪು. ಕಷ್ಟ ಕಳೆದ ಮೇಲೆ ಬೆಟ್ಟಕ್ಕೆ ಹೋಗಿ ಹುಂಡಿಗೆ ಹಾಕುವವರೆಗೆ ಅದನ್ನು ಯಾರೂ ಬಿಚ್ಚುವಂತಿಲ್ಲ. ಆ ಟ್ರೈಲರಿನ ತುಕ್ಕು ಕಂಡ ದಿನದಿಂದ ನನಗೆ ನಿದ್ದೆ ಸರಿಯಾಗಿ ಹತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಬರಿಗಾಲು ನೆಲಕ್ಕೆ ಮುಟ್ಟುತ್ತಿತ್ತು. ಹೊಸ ಬ್ರೇಕ್ ಹಾಕಿಸಿದರೂ ಧೈರ್ಯ ಬರಲಿಲ್ಲ. ಮುಡಿಪು ಕಟ್ಟಿದೆ. ಮನೆಯ ದೇವರ ಮುಂದಿಟ್ಟಿದ್ದರೆ ಸಾಕಿತ್ತು. ನನ್ನ ಹೆದರಿಕೆಗೆ ಅದು ಸಾಲದೆ, ಲಾರಿಯಲ್ಲೇ ಇರಬೇಕು ಎನ್ನಿಸಿತು. ಕ್ಯಾಬಿನ್ನಿನಲ್ಲಿ ಕಟ್ಟೋಣವೆಂದರೆ ಅಲ್ಲಿ ನನ್ನದೇ ಸಹಿಯ ನಿಯಮ ಅಂಟಿಕೊಂಡಿದೆ. ಹಾಗಾಗಿ ಆ ಬೆಳಿಗ್ಗೆ ಯಾರೂ ಬರುವ ಮೊದಲು ಬಂದು, ಸೀರೆ ಎತ್ತಿ ಕಟ್ಟಿ, ಚಕ್ರದ ಪಕ್ಕ ಮೊಣಕಾಲೂರಿ ಕುಳಿತೆ. ಕೈ ಒಳಗೆ ಹಾಕಿದಾಗ ಸಿಕ್ಕಿದ ಒಂದು ಪೈಪಿಗೆ ಕಟ್ಟಿದೆ. ಅದೇನೆಂದು ನನಗೆ ಗೊತ್ತಿರಲಿಲ್ಲ. ಬ್ರೇಕಿಗೆ ಹತ್ತಿರವಿದೆ, ಅಷ್ಟು ಸಾಕು ಎಂದುಕೊಂಡೆ. ಕಟ್ಟಿದ ಮೇಲೆ ನನ್ನ ಎದೆ ಹಗುರವಾಯಿತು, ಆಮೇಲೆ ನಾನದನ್ನು ಮರೆತೇಬಿಟ್ಟೆ. ಮೂರು ವಾರ ಆ ಸದ್ದು ಕೇಳುತ್ತಿದ್ದಾಗ ಒಂದು ಸಲವೂ ಅದು ನನ್ನ ನೆನಪಿಗೆ ಬರಲಿಲ್ಲ ಎಂದರೆ ಯಾರೂ ನಂಬಲಾರರು. ಆದರೆ ಅದು ನಿಜ. ಮುಡಿಪಿನಿಂದ ಕೆಡುಕಾಗಬಹುದು ಎನ್ನುವುದು ನನ್ನ ತಲೆಯ ಯಾವ ಮೂಲೆಯಲ್ಲೂ ಇರಲಿಲ್ಲ.

ಆ ಬಯಲಿನಲ್ಲಿ, "ನಾನೇ" ಎಂದು ಅವರು ಹೇಳಿದಾಗ, ಅಲ್ಲ ನಾನು ಎನ್ನಬೇಕಿತ್ತು. ಹೇಳಲಿಲ್ಲ. ನಾಲಿಗೆ ಒಣಗಿತ್ತು ಎಂದು ಬರೆಯಬಹುದು, ಆದರೆ ನಿಜವೆಂದರೆ ನಾಚಿಕೆ. ನಿಂಬೆಹಣ್ಣು ಬ್ರೇಕ್ ಹಿಡಿಯಲ್ಲ ಎಂದಿದ್ದ ಬಾಯಿ ಅದು. ಮೆಕ್ಯಾನಿಕ್ ಹೊಸ ಪೈಪು ಹಾಕಿದರು. ಡ್ರೈವರ್ ಕಂಬಿ ಕತ್ತರಿಸಿ, ಗಂಟನ್ನು ನೀರಲ್ಲಿ ತೊಳೆದು, ತಮ್ಮ ಕರ್ಚೀಫಿನಲ್ಲಿ ಸುತ್ತಿಟ್ಟುಕೊಂಡರು. ಮತ್ತೆ ಬಲಕ್ಕೆ ಸುತ್ತು ಹಾಕಿದರು. ಲಾರಿ ಸದ್ದಿಲ್ಲದೆ ತಿರುಗಿತು.

ಭಾನುವಾರವಿಡೀ ನಾನು ಯಾರ ಮೇಲೂ ಕೋಪ ಮಾಡಿಕೊಳ್ಳಲಿಲ್ಲ. ಮೈ ಹುಷಾರಿಲ್ಲವೇ ಎಂದು ಮಗಳು ಹಣೆ ಮುಟ್ಟಿ ನೋಡಿದಳು.

ಸೋಮವಾರ ನುಂಗಂಬಾಕ್ಕಂನಲ್ಲಿ ನಮ್ಮ ಅಧಿಕಾರಿಯ ಕೋಣೆಯಲ್ಲಿ ಮೂವರೇ ಇದ್ದೆವು. ಅಧಿಕಾರಿ ಮದರಾಸಿನ ಹಳೆಯ ಕನ್ನಡ ಮನೆತನದವರು, ಹಣೆಯಲ್ಲಿ ನಾಮ, ಮಾತಿನಲ್ಲಿ ಕನ್ನಡಕ್ಕಿಂತ ತಮಿಳು ಜಾಸ್ತಿ. ಮೆಕ್ಯಾನಿಕ್ ಬರೆದು ಕಳಿಸಿದ್ದ ಚೀಟಿ ಮೇಜಿನ ಮೇಲಿತ್ತು. ಅದರ ಪಕ್ಕ ನನ್ನ ಪತ್ರ.

"ಬ್ರೇಕ್ ಹೋಸ್‌ಗೆ ಮುಡಿಪು ಕಟ್ಟಿದ್ದು ನೀನಾಪ್ಪಾ?" ಎಂದು ಕೇಳಿದರು.

"ಹೌದು ಸಾರ್."

"ರೂಲ್ ತೆರಿಯುಮಲ್ಲ? ಗಾಡಿಲಿ ಪೂಜೆ ಸಾಮಾನು ಏನೂ ಇಡಕೂಡದು ಅಂತ. ಪತ್ತು ಜನ ಸತ್ತಿದ್ರೆ ಯಾರು ಜವಾಬ್ದಾರಿ?"

ಅವರು ತಲೆ ಬಗ್ಗಿಸಿ ನಿಂತರು. ಬರಿಗಾಲು. ಕೋಣೆಯ ಹೊರಗೆ ಚಪ್ಪಲಿ ಬಿಟ್ಟು ಬಂದಿದ್ದರು. ಅಧಿಕಾರಿ ಕೆಲಸ ಬಿಡುವುದಾಗಿ ಟೈಪು ಮಾಡಿಸಿದ್ದ ಒಂದು ಹಾಳೆಯನ್ನು ಅವರ ಕಡೆಗೆ ಸರಿಸಿ ಪೆನ್ನು ಕೊಟ್ಟರು. ಅವರು ಪೆನ್ನು ತೆಗೆದುಕೊಂಡರು. ಓದಲೂ ಇಲ್ಲ, ಸಹಿ ಎಲ್ಲಿ ಹಾಕಬೇಕೆಂದು ಹುಡುಕತೊಡಗಿದರು.

"ಸರ್, ಅದು ನನ್ನದು" ಎಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

"ಮುಡಿಪು ನಾನು ಕಟ್ಟಿದ್ದು. ಇವರಲ್ಲ."

"ಎನ್ನಮ್ಮಾ ಇದು? ರೂಲ್ ಹಾಕಿದ್ದೇ ನೀವಲ್ವಾ?"

"ಹೌದು ಸರ್. ಹಾಕಿದ್ದೂ ನಾನೇ, ಮುರಿದಿದ್ದೂ ನಾನೇ. ಬರೆದುಕೊಡ್ತೀನಿ."

"ಮೇಡಂ ಸುಮ್ನೆ ನನ್ ಸಲ್ವಾಗಿ ಹೇಳ್ತಾವ್ರೆ ಸಾರ್" ಎಂದರು ಡ್ರೈವರ್. ಆಗಲೂ ಪೆನ್ನು ಕೆಳಗಿಟ್ಟಿರಲಿಲ್ಲ.

ನಾನು ಕೈಚೀಲದಿಂದ ಬಟ್ಟೆ ತೆಗೆದೆ. ಮುಡಿಪಿಗೆಂದು ಹರಿದು ಉಳಿದಿದ್ದ ಅರ್ಧ, ನೀಲಿ ಅಂಚಿನ ಬಿಳಿ ಕರ್ಚೀಫು. ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಿದರು. ನಿಧಾನವಾಗಿ ಜೇಬಿನಿಂದ ತೊಳೆದ ಗಂಟನ್ನು ತೆಗೆದು ಅದರ ಪಕ್ಕದಲ್ಲಿಟ್ಟರು. ತಾವು ಮೇಲೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದ್ದರು. ಸವೆದು ಉಳಿದ ಒಳಗಿನ ಚಿಂದಿಯಲ್ಲಿ ಅದೇ ನೀಲಿ ಅಂಚು. ನಾಣ್ಯದ ಒಂದು ಬದಿ ಚಪ್ಪಟೆಯಾಗಿ ಸವೆದುಹೋಗಿತ್ತು.

ಅಧಿಕಾರಿ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು ಹರಿದರು. ನನ್ನ ಪತ್ರವನ್ನು ನನ್ನ ಕೈಗೇ ಕೊಟ್ಟರು. ಲಾರಿಯ ಉಸ್ತುವಾರಿಯನ್ನು ಇನ್ನು ಬೇರೆಯವರು ನೋಡಿಕೊಳ್ಳಲಿ ಎಂದರು. ಅದು ಸರಿಯಾಗಿಯೇ ಇತ್ತು. ಆಮೇಲೆ ಡ್ರೈವರಿನ ಕಡೆ ತಿರುಗಿದರು.

"ಇದು ಮೇಡಮ್ಮಂದು ಅಂತ ನಿಂಗೆ ಮೊದಲೇ ತೆರಿಯುಮಾ?"

"ಗೊತ್ತಿತ್ತು ಸಾರ್. ಟ್ರಿಪ್ ಶೀಟ್ ಮ್ಯಾಲೆ ಮೇಡಂದು ಅರಿಸ್ಣದ ಬೆರಳಿತ್ತು. ಆಮ್ಯಾಕೆ ಗಾಲಿ ಬಿಚ್ಚಿದಾಗ ಗಂಟು ಕಂಡೆ."

"ಮತ್ತೆ ನಾನೇ ಅಂತ ಯಾಕಪ್ಪಾ ಅಂದೆ? ಕೆಲಸ ಹೋಗ್ತಿತ್ತಲ್ಲ?"

ಹೇಳಬೇಕೋ ಬೇಡವೋ ಎನ್ನುವ ಹಾಗೆ ನನ್ನ ಕಡೆಗೊಮ್ಮೆ ನೋಡಿದರು.

"ಬ್ಯಾಡ ಅಂತ ರೂಲ್ ಹಾಕ್ದೋರೇ ಮಣ್ಣಲ್ಲಿ ಕುಂತ್ಕಂಡು ಕಟ್ಟವ್ರೆ ಅಂದ್ರೆ, ಅವತ್ತು ಅವ್ರು ಎಷ್ಟು ಹೆದ್ರಿರ್ಬೇಕು ಸಾರ್. ಅದನ್ನ ನಾಲ್ಕು ಜನದ ಮುಂದೆ ಹೆಂಗೆ ಹೇಳೋದು ಅಂತ ಸುಮ್ನಾದೆ."

ನನ್ನ ಕೈಯಲ್ಲಿ ನನ್ನದೇ ಪತ್ರವಿತ್ತು. ಭಯ ಆಗುತ್ತದೆ ಎಂದು ಅವರೂ ನನಗೆ ಹೇಳಿದ್ದರು, ನಾಲ್ಕು ಜನರ ಮುಂದೆಯೇ, ಲಾರಿಯ ಬಾಗಿಲಿಗೆ ಅಡ್ಡ ನಿಂತು. ಅದಕ್ಕೆ ನಾನು ನೆಪ ಎಂದು ಬರೆದಿದ್ದೆ, ಎರಡು ಕಡೆ.